ಪಹಣಿಯಲ್ಲಿ ಉಳಿದ ತೋಟ

ಕೊಡಗಿನ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮಾವನವರು ಶುರು ಮಾಡಿದ ಆ ಲೆಕ್ಕವನ್ನು ನಮ್ಮ ಯಜಮಾನರೂ ಬಿಟ್ಟಿರಲಿಲ್ಲ. ಮಾರ್ಚ್‌–ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂ ಮಳೆ ಹದವಾಗಿ ಬಿದ್ದರೆ ಮನೆಯಲ್ಲಿ ಹಬ್ಬ. ಮಳೆಗೆ ಹೆದರುವುದು ಅಂದರೇನು ಅಂತ 2018ರ ಆಗಸ್ಟ್‌ವರೆಗೆ ನನಗೆ ಗೊತ್ತಿರಲಿಲ್ಲ.

ಆ ವರ್ಷ ಬಿಡದೆ ಹೊಡೆದ ಮಳೆಗೆ ಆಗಸ್ಟ್ ನಡುವಿನ ಹೊತ್ತಿಗೆ ಗುಡ್ಡಗಳೆಲ್ಲ ನೀರು ಕುಡಿದು ಕೂತಿದ್ದವು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಅಂತ ದಿನಕ್ಕೊಂದು ಕಡೆ ಗುಡ್ಡದ ಬರೆ ಜರಿದ ಸುದ್ದಿ. ನಮ್ಮ ಮನೆ ಹಿಂದೆ ಯಾವತ್ತೂ ಇಲ್ಲದ ಜಾಗದಲ್ಲಿ ಕೆಂಪು ನೀರು ಉಕ್ಕಿತು. ಕತ್ತಲಾದ ಮೇಲೆ ಮೇಲಿನಿಂದ ಸದ್ದು ಕೇಳಿತು. ದನಗಳ ಹಗ್ಗ ಕೊಯ್ದು, ಟಾರ್ಚ್ ಹಿಡಿದು, ಅತ್ತೆಯನ್ನು ಎತ್ತಿಕೊಂಡು ಎದುರು ಗುಡ್ಡ ಹತ್ತಿದೆವು. ಬೆಳಕು ಹರಿದಾಗ ನೋಡಿದರೆ ಸಿಲ್ವರ್ ಓಕ್ ಮರಗಳು, ಮೆಣಸಿನ ಬಳ್ಳಿ ಸಮೇತ, ನಿಂತ ಹಾಗೇ ಜಾರಿ ಕೆಳಗೆ ಹೋಗಿದ್ದವು.

ಪರಿಹಾರ ಕೇಂದ್ರದಲ್ಲಿ ಊಟಕ್ಕೆ, ಕಂಬಳಿಗೆ ಕೊರತೆಯಿರಲಿಲ್ಲ. ಸೀರೆಗಳಂತೂ ರಾಶಿ. ಬಂದವರೆಲ್ಲ ಹೇಳಿದ್ದು ಒಂದೇ: “ಜೀವ ಉಳಿಯಿತಲ್ಲ, ಅದೇ ದೊಡ್ಡದು.” ಹೌದು, ದೊಡ್ಡದೇ. ಆದರೆ ಆ ಮಾತಾದ ಮೇಲೆ ಅಳುವುದಕ್ಕೆ ದಾರಿಯೇ ಇರುವುದಿಲ್ಲ. ಮನೆಯವರನ್ನೇ ಕಳಕೊಂಡವರು ಅದೇ ಹಾಲ್‌ನಲ್ಲಿ ಕೂತಿರುವಾಗ ಕಾಫಿ ಗಿಡಕ್ಕೆ ಅಳುವುದು ಹೇಗೆ? ಮನುಷ್ಯ ಸತ್ತರೆ ತಿಥಿ ಮಾಡುತ್ತೇವೆ. ತೋಟ ಸತ್ತರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿಕೊಟ್ಟಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಿಂದ ತಂಡ ಬಂತು. “ನಮಗೇನು ಹುಚ್ಚಾ?” ಅಂತ ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು. ಅವರು ಮಾತು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಆ ತಂಡದ ಹುಡುಗಿ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಚಾಪೆ ಮೇಲೆ ಕೂತು, “ತೋಟದಲ್ಲಿ ಏನೇನಿತ್ತು ಅಂಕಲ್?” ಅಂತ ಕೇಳಿದಳು. ತುಂಬ ಹೊತ್ತು ಸುಮ್ಮನಿದ್ದವರು ಆಮೇಲೆ ಎದ್ದು ಕೂತು ಹೇಳತೊಡಗಿದರು. ಅಪ್ಪ ನೆಟ್ಟ ಅರೇಬಿಕಾ, ತಾನು ಹಾಕಿಸಿದ ರೋಬಸ್ಟಾ, ಕೆರೆ ಬದಿಯ ಕಿತ್ತಳೆ. ಕೊನೆಗೆ ಅಂದರು: “ಈಗ ತೋಟ ಪಹಣಿಯಲ್ಲಿದೆ, ಸಾಲ ಬ್ಯಾಂಕಲ್ಲಿದೆ, ಮಣ್ಣು ಹಾರಂಗಿ ಡ್ಯಾಮಲ್ಲಿದೆ.” ಹೇಳಿ ಅತ್ತರು. ನನಗೆ ನಿಜಕ್ಕೂ ಸಮಾಧಾನವಾಯಿತು.

ನಿದ್ದೆ ಬರದಿರುವುದು, ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುವುದು ಇಂಥದ್ದಾದ ಮೇಲೆ ಸಹಜ, ಬಹಳ ಮಂದಿಗೆ ಬರಬರುತ್ತಾ ಕಡಿಮೆಯಾಗುತ್ತದೆ, ಆಗದಿದ್ದರೆ ಔಷಧಿ ಇದೆ ಅಂತ ಅವಳು ಹೇಳಿದ್ದಳು. ಆ ತಿಳಿವಳಿಕೆಯೇ ಅರ್ಧ ಔಷಧಿ. ಆದರೆ ಕೇಂದ್ರ ಮುಚ್ಚಿದ ಮೇಲೆ ಕೇಳುವವರು ಯಾರು? ಭಯ ಬಂದದ್ದು ಮುಂದಿನ ಜೂನ್‌ನಲ್ಲಿ, ಬಾಡಿಗೆ ಮನೆಯ ಶೀಟಿನ ಮೇಲೆ ಮೊದಲ ಹನಿ ಬಿದ್ದಾಗ. ಚೀಲಕ್ಕೆ ಬಟ್ಟೆ ತುಂಬಿ, ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದೆ. ಸಹಾಯ ಮಾಡುವವರು ಅನಾಹುತದ ತಾರೀಖು ನೋಡಿ ಬರುತ್ತಾರೆ. ಅದರ ಜೊತೆಗೆ ಮುಂದಿನ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದದ್ದು ಟಿವಿಯಲ್ಲಿ ಬಂದಾಗ ಯಜಮಾನರು ಮತ್ತೆ ಮಾತು ನಿಲ್ಲಿಸಿದರು. ಮಗಳು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿಕೊಟ್ಟಳು. ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು. ಮೊದಲು ಟಿವಿ ಆರಿಸಿ ಅಂದರಂತೆ.

ಈಗ ಮಳೆಗಾಲಕ್ಕೆ ಮುಂಚೆ ಗುಡ್ಡದ ಬುಡದ ಮನೆಗಳಿಗೆ ಜಾಗ ಬಿಡಿ ಅಂತ ನೋಟಿಸ್ ಬರುತ್ತದೆ. ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ನಾನೂ ಆ ಮನೆಗಳಿಗೆ ಹೋಗುತ್ತೇನೆ. ಕಳೆದ ಸಲ ಒಬ್ಬ ಅಜ್ಜಿ ಎಷ್ಟು ಹೇಳಿದರೂ ಬರುವುದಿಲ್ಲ ಅಂದರು. ಹಸು ಗಬ್ಬವಾಗಿತ್ತು. ನೋಟಿಸ್ ಪಕ್ಕಕ್ಕಿಟ್ಟು, ಹಸುವನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟಬಹುದು ಅನ್ನುವುದನ್ನೇ ಮೊದಲು ಮಾತಾಡಿದೆವು.