ಶಿವರಾತ್ರಿಯ ಆಕಾಶದಲ್ಲಿ ಮಳೆಯ ನಕ್ಷತ್ರಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಒಕ್ಕಲುಮನೆಗಳಲ್ಲಿ ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಮಳೆಯ ಹೆಸರುಗಳನ್ನು ಅರಿಯದವರಿಲ್ಲ. ಆದರೆ ಆಕಾಶದಲ್ಲಿ ಆರಿದ್ರಾ ಯಾವುದೆಂದು ಕೇಳಿದರೆ ಬೆರಳಿಟ್ಟು ತೋರಿಸುವವರು ವಿರಳ. ಇದಕ್ಕೆ ಕಾರಣವೂ ಉಂಟು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿನಗಳಿರುವನು. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಆರಂಭವಾಗುವಾಗ ಆ ತಾರೆ ಸೂರ್ಯನ ಜೊತೆಯಲ್ಲೇ ಹಗಲಿನಲ್ಲಿ ಸಂಚರಿಸುವುದರಿಂದ ರಾತ್ರಿ ಕಾಣುವುದೇ ಇಲ್ಲ. ಬಿತ್ತನೆಗೆ ಕರೆಯುವ ನಕ್ಷತ್ರವನ್ನು ನೋಡಬೇಕಾದರೆ ಒಕ್ಕಣೆ ಮುಗಿಯುವವರೆಗೆ ಕಾಯಬೇಕು!

ಮಾಘ ಬಹುಳ ಚತುರ್ದಶಿಯ ಶಿವರಾತ್ರಿ ಇದಕ್ಕೆ ಅತ್ಯಂತ ಅನುಕೂಲ. ಚಂದ್ರನಿಲ್ಲದ ಕತ್ತಲೆ, ಮೋಡ ವಿರಳವಾದ ಕಾಲ. ಜಾಗರಣೆಗೆಂದು ಮನೆಮಂದಿಯೆಲ್ಲ ಹೇಗೂ ಎಚ್ಚರವಿರುತ್ತಾರೆ. ಶರಣರು ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನು ಒಪ್ಪಲಿಲ್ಲ. ರೈತನ ನಕ್ಷತ್ರಕ್ಕೂ ಆ ಗೊಡವೆಯಿಲ್ಲ. ಅದು ಹಂಗಾಮಿನ ಲೆಕ್ಕ ಮಾತ್ರ.

ಚನ್ನಗಿರಿಯ ಅಡಿಕೆ ತೋಟಗಳಲ್ಲಿ ನಿಂತರೆ ಸೋಗೆಗಳ ನಡುವೆ ಆಕಾಶ ತುಂಡುತುಂಡಾಗಿ ಕಾಣುವುದು. ಸೂಳೆಕೆರೆಯೆಂದೇ ಹೆಸರಾದ ಶಾಂತಿಸಾಗರದ ಏರಿಗೆ ಬಂದರೆ ದಕ್ಷಿಣದಲ್ಲಿ, ನೀರಿನಾಚೆ, ಅಗಸ್ತ್ಯ ನಕ್ಷತ್ರ ಬೆಳಗುತ್ತಿರುತ್ತದೆ. ಕಡಲನ್ನೇ ಕುಡಿದ ಋಷಿ ಈ ಕೆರೆಯನ್ನು ಉಳಿಸಿರುವುದು ನಮ್ಮ ಪುಣ್ಯ. ಹೊನ್ನಾಳಿಯಲ್ಲಿ ತುಂಗಭದ್ರೆ ಬಹುಮಟ್ಟಿಗೆ ಉತ್ತರಕ್ಕೆ ಹರಿಯುವಳು. ಆಕೆ ಹೋಗುವ ದಿಕ್ಕಿಗೆ ಮುಖಮಾಡಿ, ಕೈಚಾಚಿ, ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ನೋಡಿದರೆ ಧ್ರುವ. ನಮ್ಮ ಸೀಮೆಯ ಅಕ್ಷಾಂಶ ಸುಮಾರು 14 ಡಿಗ್ರಿ. ಧ್ರುವನ ಎತ್ತರವೂ ಅಷ್ಟೇ. ನ್ಯಾಮತಿಯ ತೀರ್ಥರಾಮೇಶ್ವರದ ಕಾಡಿನಲ್ಲಿ ಕತ್ತಲೆಯೇನೋ ದಟ್ಟ, ಆದರೆ ಮರಗಳು ಬಿಡವು.

ಪೂರ್ಣ ಆಕಾಶ ಬೇಕಾದರೆ ಜಗಳೂರಿನ ಬಯಲಿಗೇ ಬರಬೇಕು. ಭದ್ರಾ ನಾಲೆಯ ನೀರುಂಡ ಊರುಗಳಲ್ಲಿ ಮಳೆನಕ್ಷತ್ರಗಳ ಚಿಂತೆ ಕಡಿಮೆಯಾಗಿದೆ. ಮೆಕ್ಕೆಜೋಳ, ಶೇಂಗಾ ಬಿತ್ತಿ ಮುಗಿಲು ನೋಡುವ ಇಲ್ಲಿಯ ರೈತನಿಗೆ ಆರಿದ್ರಾ ಕೈಕೊಟ್ಟರೆ ವರ್ಷವೇ ಹೋದಂತೆ. ರಾತ್ರಿ ಎಂಟರ ಹೊತ್ತಿಗೆ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ಮೊದಲು ಗುರುತಿಸಿಕೊಳ್ಳಬೇಕು. ಅದು ಮಹಾವ್ಯಾಧನ ನಡುಪಟ್ಟಿ. ಅವನ ಕೆಂಪು ಹೆಗಲೇ ಆರಿದ್ರಾ. ತಲೆಯ ಮಸುಕಾದ ಚಿಕ್ಕ ಗುಂಪು ಮೃಗಶಿರ. 2019ರ ಕೊನೆಯಲ್ಲಿ ಆರಿದ್ರಾ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿ, 2020ರಲ್ಲಿ ಚೇತರಿಸಿಕೊಂಡಿತು. ನಡುಪಟ್ಟಿಯ ಗೆರೆಯನ್ನು ಪಶ್ಚಿಮಕ್ಕೆ ಎಳೆದರೆ ಕೆಂಪುಬಣ್ಣದ ರೋಹಿಣಿ, ಅದರಾಚೆ ಗೊಂಚಲಿನಂಥ ಕೃತ್ತಿಕೆ. ಇನ್ನೊಂದು ಕಡೆಗೆ ಎಳೆದರೆ ಎಲ್ಲಕ್ಕಿಂತ ಪ್ರಕಾಶವಾದ ಲುಬ್ಧಕ. ನೆತ್ತಿಯ ಬಳಿ ಪುನರ್ವಸುವಿನ ಜೋಡಿ. ಪುಷ್ಯ, ಆಶ್ಲೇಷ ತೀರ ಮಸುಕು. ಪಟ್ಟಣದ ದೀಪಗಳ ಬಳಿ ಅವು ಕಾಣಲಾರವು. ಪೂರ್ವದಲ್ಲಿ ಮಘೆ ಏರುತ್ತಿರುತ್ತದೆ. ಮಾಘದ ಹುಣ್ಣಿಮೆಯಂದು, ನಮ್ಮವರು ತರಳಬಾಳು ಹುಣ್ಣಿಮೆಗೆ ಸೇರುವ ಆ ದಿನ, ಚಂದ್ರ ನಿಲ್ಲುವುದು ಇದರ ನೆರೆಯಲ್ಲೇ. ತಿಂಗಳಿಗೆ ಆ ಹೆಸರು ಬಂದುದೂ ಇದರಿಂದಲೇ.

ನಡುರಾತ್ರಿಗೆ ಮಘೆ ನೆತ್ತಿಗೆ ಬಂದಾಗ ಉತ್ತರದಲ್ಲಿ ಸಪ್ತರ್ಷಿಗಳು, ಪೂರ್ವದಲ್ಲಿ ಚಿತ್ತೆ, ಸ್ವಾತಿ. ಮುಂಗಾರಿನ ಹೆಸರುಗಳೆಲ್ಲ ಅಷ್ಟರಲ್ಲಿ ಪಡುವಣಕ್ಕೆ ಇಳಿದಿರುತ್ತವೆ, ಹಿಂಗಾರಿನವು ಮೇಲೇರುತ್ತವೆ. ಬೆಳಗಿನ ನಾಲ್ಕರ ಸುಮಾರಿಗೆ ವಿಶಾಖೆ ದಕ್ಷಿಣದಲ್ಲಿ ಎತ್ತರಕ್ಕೆ ಬಂದು ನಿಲ್ಲುವುದು. ಅದರ ಹಿಂದೆಯೇ ಕೆಂಡದಂಥ ಜ್ಯೇಷ್ಠೆ. ಮಕ್ಕಳಿಗೆ ಅಷ್ಟುಹೊತ್ತು ಎಚ್ಚರವಿರಲಾಗದಿದ್ದರೆ ಆರಿದ್ರಾ ಒಂದನ್ನಾದರೂ ತೋರಿಸಿ ಮಲಗಿಸಿರಿ.