ಕ್ಲಾರಾಳ ಕೋಣೆ

"ಮದುವೆಯಾದ ಮೇಲೆ ಸಂಗೀತ ಬಿಟ್ಟೇಬಿಟ್ಟೆ ಕಣ್ರೀ" ಎಂಬ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಇರಬೇಕು, ಜರ್ಮನಿಯ ಪಿಯಾನೋ ವಾದಕಿ ಕ್ಲಾರಾ ಶೂಮನ್‌ಳ ಜೀವನಚರಿತ್ರೆ ಓದುವಾಗ, ಇವಳು ಯಾವ ಪುಟದಲ್ಲಿ ಬಿಡುತ್ತಾಳೋ ಎಂದು ಕಾಯುತ್ತಲೇ ಓದಿದೆ. ಅವಳು ಬಿಡಲಿಲ್ಲ! ಎಂಟು ಮಕ್ಕಳನ್ನು ಹೆತ್ತೂ ಊರೂರು ತಿರುಗಿ ಕಛೇರಿ ಮಾಡಿದಳು. 1828ರಲ್ಲಿ, ಒಂಬತ್ತು ವರ್ಷದ ಹುಡುಗಿಯಾಗಿ ಲೈಪ್‌ಜಿಗ್‌ನಲ್ಲಿ ವೇದಿಕೆ ಹತ್ತಿದವಳು ಇಳಿದದ್ದು 1891ರಲ್ಲಿ. ಅವಳು ಬಿಟ್ಟದ್ದು ಬೇರೆಯೇ ಒಂದನ್ನು. ಸ್ವಂತ ಸಂಗೀತ ರಚಿಸುವುದನ್ನು.

ಅಪ್ಪ ಫ್ರೀಡ್ರಿಕ್ ವೀಕ್ ಪಿಯಾನೋ ಮೇಷ್ಟರು. ಮಗಳ ದಿನಚರಿಯನ್ನೂ "ನಾನು" ಎಂದು ಅವಳ ಹೆಸರಿನಲ್ಲಿ ತಾನೇ ಬರೆಯುತ್ತಿದ್ದ ಮಹಾನುಭಾವ! ಆದರೂ ಹುಡುಗಿಯೊಳಗೆ ಅವಳದೇ ಏನೋ ಇತ್ತು. 1835ರಲ್ಲಿ, ಹದಿನಾರರ ಪ್ರಾಯದಲ್ಲಿ, ತಾನೇ ರಚಿಸಿದ ಪಿಯಾನೋ ಕನ್ಸರ್ಟೊವನ್ನು ಮೆಂಡೆಲ್ಸನ್ ನಡೆಸಿದ ವಾದ್ಯವೃಂದದ ಜೊತೆ ನುಡಿಸಿದಳು. ಅದೇ ಹುಡುಗಿ 1839ರಲ್ಲಿ, ಹೆಣ್ಣು ರಚನೆಗೆ ಆಸೆಪಡಬಾರದು, ಹಿಂದೆ ಯಾರೂ ಮಾಡಿಲ್ಲ, ನನಗೇಕೆ ಆ ಹಮ್ಮು ಎಂಬರ್ಥದಲ್ಲಿ ದಿನಚರಿ ಬರೆದುಕೊಂಡಳು. ಈ ಸಲ ಬರೆದದ್ದು ಅಪ್ಪನಲ್ಲ, ಅವಳೇ.

ಅಪ್ಪ ಒಪ್ಪದೆ, ಕೋರ್ಟಿನ ಅನುಮತಿ ಪಡೆದು 1840ರಲ್ಲಿ ರಾಬರ್ಟ್ ಶೂಮನ್‌ನನ್ನು ಮದುವೆಯಾದಳು. ಪ್ರೇಮವಿವಾಹ, ಗಂಡ ದೊಡ್ಡ ಸಂಗೀತಗಾರ, ಹೆಂಡತಿಯೂ ರಚಿಸಲಿ ಎಂದು ಆಸೆಪಟ್ಟವನು. ಇನ್ನೇನು ಬೇಕು ಅನ್ನುತ್ತೀರಾ? ಅವನಿಗೆ ಬರೆಯಲು ಮೌನ ಬೇಕು. ಅವನು ಬರೆಯುತ್ತ ಕೂತರೆ ಇವಳು ಪಿಯಾನೋ ಮುಟ್ಟುವಂತಿಲ್ಲ. ಅದು ಅವನಿಗೂ ಗೊತ್ತಿತ್ತು. ಮಕ್ಕಳು, ಸದಾ ಕಲ್ಪನೆಯಲ್ಲಿ ಮುಳುಗಿರುವ ಗಂಡ, ಇವುಗಳ ನಡುವೆ ರಚನೆ ಸಾಗದು, ಅವಳ ಎಷ್ಟು ಒಳ್ಳೆಯ ಭಾವಗಳು ಹೀಗೆ ಕಳೆದುಹೋಗುತ್ತಿವೆಯೋ ಎಂದು 1843ರಲ್ಲಿ ಇಬ್ಬರ ಜಂಟಿ ದಿನಚರಿಯಲ್ಲಿ ಮರುಗಿದ್ದಾನೆ. ಮರುಗಿದ, ಅಷ್ಟೆ. ಮತ್ತೆ ತನ್ನ ಮೇಜಿನ ಮುಂದೆ ಕೂತ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1853. ಆಗ ಅವರು ಡ್ಯೂಸೆಲ್‌ಡಾರ್ಫ್‌ನ ಹೊಸ ಮನೆಯಲ್ಲಿದ್ದರು. ಅಲ್ಲಿ ಕ್ಲಾರಾಳ ಪಿಯಾನೋಗೆ ಬೇರೆ ಕೋಣೆ, ಗಂಡನ ಕಿವಿಗೆ ದೂರ. ನೋಡಿ, ಒಂದೇ ಬೇಸಿಗೆಯಲ್ಲಿ ನಾಲ್ಕು ಕೃತಿಗಳು! ಗಂಡನ ಹುಟ್ಟುಹಬ್ಬಕ್ಕೆ ಅವನದೇ ಸ್ವರದ ಮೇಲೆ ಕಟ್ಟಿದ ರಚನೆ, ಪಿಯಾನೋದ ಬಿಡಿ ತುಣುಕುಗಳು, ಪಿಟೀಲು ಮತ್ತು ಪಿಯಾನೋ ಕೂಡಿದವು ಮೂರು, ಹಾಡುಗಳು. ಪ್ರತಿಭೆ ಬತ್ತಿತ್ತು ಎಂದು ಇನ್ನು ಯಾರು ಹೇಳಿಯಾರು?

ಮರುವರ್ಷ ಫೆಬ್ರವರಿಯಲ್ಲಿ ರಾಬರ್ಟ್ ರೈನ್ ನದಿಗೆ ಹಾರಿದ. ಬದುಕಿಸಿದರು, ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1856ರಲ್ಲಿ ಅಲ್ಲೇ ತೀರಿಕೊಂಡ. ಕೊನೆಯ ಮಗು ಹುಟ್ಟಿದ್ದು ಅವನು ಆಸ್ಪತ್ರೆಯಲ್ಲಿದ್ದಾಗಲೇ. ಆಮೇಲೆ ಕ್ಲಾರಾಳ ರಚನೆ ಹೆಚ್ಚುಕಡಿಮೆ ನಿಂತೇಹೋಯಿತು. ದುಃಖದಿಂದ ಎನ್ನುತ್ತಾರೆ. ನನಗೆ ಅದಷ್ಟೇ ಕಾರಣವೆಂದು ಅನ್ನಿಸುವುದಿಲ್ಲ. ಅಷ್ಟೇ ದುಃಖದಲ್ಲಿ ಅವಳು ಕಛೇರಿಗೆ ಹೋದಳಲ್ಲ! ಕಛೇರಿಯಿಂದ ಮಕ್ಕಳ ಶಾಲೆ, ಬಟ್ಟೆ, ಊಟ ನಡೆಯಬೇಕಿತ್ತು. ಟಿಕೆಟ್ ಕೊಂಡ ಜನ ಕಾಯುತ್ತಿದ್ದರು. ಅವಳು ಬರೆಯದ ಸಂಗೀತಕ್ಕೆ ಯಾರೂ ಕಾಯುತ್ತಿರಲಿಲ್ಲ.

ಆ ಪಿಟೀಲಿನ ಮೂರು ತುಣುಕುಗಳನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಪಾಶ್ಚಾತ್ಯ ಸಂಗೀತದ ಗಂಧ ನನಗಿಲ್ಲ. ಆದರೂ ಮೂರನೆಯದರಲ್ಲಿ ಪಿಯಾನೋ ನೀರಿನಂತೆ ಹರಿಯುವಾಗ ಕೈಯ ಕೆಲಸ ನಿಲ್ಲುತ್ತದೆ. ಮೂವತ್ಮೂರರ ಹೆಂಗಸು, ಬೇಸಿಗೆ, ಬಾಗಿಲು ಹಾಕಿಕೊಂಡ ಕೋಣೆ.