ಮೂರೂ ಲೈಟು ಹತ್ತಿದೆಯಾ?

ಜೂನ್ 22ಕ್ಕೆ ಇನ್ನು ಹದಿನೇಳು ದಿನ ಇದೆ. ಅವತ್ತು ನಮ್ಮ ಮದುವೆಯ ದಿನವೂ ಅಲ್ಲ, ಮಗಳ ಹುಟ್ಟುಹಬ್ಬವೂ ಅಲ್ಲ. ನಮ್ಮನೆಯಿಂದ ಆರು ಮೈಲಿ ದೂರದ ಒಂದು ಫ್ಯಾಕ್ಟರಿಯಿಂದ ಒಂದು ಕಾರು ಆಚೆ ಬರುತ್ತೆ, ಅಷ್ಟೇ. ಟೆಸ್ಲಾ ಕಂಪನಿಯ ಮಾಡೆಲ್ ಎಸ್. ಮೊದಲ ಕಾರುಗಳನ್ನು ಗಿರಾಕಿಗಳ ಕೈಗೆ ಕೊಡೋದು 2012ರ ಜೂನ್ 22ಕ್ಕೆ ಅಂತ ಅವರು ಹೋದ ತಿಂಗಳು ಹೇಳಿದ್ದೇ ತಡ, ನಾನು ಆಫೀಸಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿ ಕೂತಿದ್ದೀನಿ. ನನ್ನ ಕಾರೇನೂ ಅವತ್ತು ಬರಲ್ಲ. ನನ್ನ ಸರದಿ ಬರೋ ಹೊತ್ತಿಗೆ ಮುಂದಿನ ವರ್ಷ ಆಗುತ್ತೆ. ಆದರೂ ಪಕ್ಕದ ಮನೆ ಮದುವೆಗೆ ಹುಡುಗರು ದಿನ ಎಣಿಸೋ ಹಾಗೆ ಎಣಿಸ್ತಾ ಇದ್ದೀನಿ.

ಹೆಂಡತಿಗೆ ಇದು ಹುಚ್ಚು ಅನ್ನಿಸಿದೆ. ಅವಳದ್ದೇನೂ ತಪ್ಪಿಲ್ಲ. ಹನ್ನೊಂದು ವರ್ಷ ಹಳೇ ಕೊರೋಲಾ ಓಡಿಸುವವನು ನಾನು. ಅದರ ಎಡಗಡೆ ಕನ್ನಡಿಗೆ ಟೇಪು ಸುತ್ತಿದೆ. ಗೆಳೆಯರು ಬಿಎಂಡಬ್ಲ್ಯೂ ತಗೊಂಡಾಗ ಸಿಹಿ ತಿಂದು, ಒಂದು ರೌಂಡ್ ಹೋಗಿ ಬಂದು, ಮನೆಗೆ ವಾಪಸ್ಸಾಗಿ ನೆಮ್ಮದಿಯಾಗಿ ಮಲಗಿದವನು. ಅಂಥವನು ಹೋದ ಅಕ್ಟೋಬರಿನಲ್ಲಿ ಮನೆಯಲ್ಲಿ ಒಂದು ಮಾತೂ ಕೇಳದೆ, ಇನ್ನೂ ಹುಟ್ಟದ ಕಾರಿಗೆ 5,000 ಡಾಲರ್ ಮುಂಗಡ ಕಟ್ಟಿದರೆ ಯಾರಿಗೆ ತಾನೆ ಅನುಮಾನ ಬರಲ್ಲ? "ವಾಪಸ್ ಕೇಳಿದ್ರೆ ಕೊಡ್ತಾರೆ" ಅಂದೆ. "ಹಂಗಾದ್ರೆ ಕೇಳಿ" ಅಂದಳು.

ಬೆಲೆ ಹೇಳಿಬಿಡ್ತೀನಿ, ಹೇಗೂ ಎಲ್ಲರೂ ಮೊದಲು ಕೇಳೋದು ಅದನ್ನೇ. ಅತಿ ಕಡಿಮೆಯದು 57,400 ಡಾಲರ್. ಅದರಲ್ಲಿ 7,500 ಇಲ್ಲಿನ ಸರ್ಕಾರ ತೆರಿಗೆಯಲ್ಲಿ ಬಿಡುತ್ತೆ. ಮೇಲಿನದು 87,400ರಿಂದ ಶುರು. ಅದು ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗವನ್ನು 4.4 ಸೆಕೆಂಡಿನಲ್ಲಿ ಮುಟ್ಟುತ್ತಂತೆ. ಅಷ್ಟು ಹೊತ್ತಿನಲ್ಲಿ ನನ್ನ ಕೊರೋಲಾ ಹೊರಡಲೋ ಬೇಡವೋ ಅಂತ ಯೋಚನೆ ಮಾಡುತ್ತೆ. ಗುಂಡಿಗಳ ಬದಲು 17 ಇಂಚಿನ ಟಚ್ ಸ್ಕ್ರೀನು. ಬಾಗಿಲಿನ ಹಿಡಿಗಳು ಒಳಗೆ ಅಡಗಿದ್ದು, ನಾವು ಹತ್ತಿರ ಹೋದಾಗ ಹೊರಗೆ ಬರುತ್ತವೆ. ಹೆಚ್ಚಿಗೆ ದುಡ್ಡು ಕೊಟ್ಟರೆ ಡಿಕ್ಕಿಯಲ್ಲಿ ಎರಡು ಪುಟ್ಟ ಸೀಟು ಹಾಕಿಕೊಡ್ತಾರೆ, ಮಕ್ಕಳು ಹಿಂದಕ್ಕೆ ಮುಖ ಮಾಡಿ ಕೂರಬಹುದು. ಎತ್ತಿನ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು ಸಂತೆಗೆ ಹೋಗ್ತಿದ್ದೆವಲ್ಲ, ಅದೇ. ಐಷಾರಾಮ ಅಂದರೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೇನೋ.

880 ಹೆದ್ದಾರಿಯಲ್ಲಿ ಫ್ರೀಮಾಂಟ್ ದಾಟುವಾಗ ಆ ಫ್ಯಾಕ್ಟರಿ ಕಾಣುತ್ತೆ. ಮೊದಲು ಅದು ಜನರಲ್ ಮೋಟಾರ್ಸ್‌ನವರದು, ಆಮೇಲೆ ಅವರೂ ಟೊಯೋಟಾದವರೂ ಸೇರಿ ನಡೆಸಿದರು. 2010ರಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಜನ ಕೆಲಸ ಕಳಕೊಂಡರು. ಅಂಥ ಜಾಗವನ್ನು ಅದೇ ವರ್ಷ ಟೆಸ್ಲಾದವರು 42 ಮಿಲಿಯನ್ ಡಾಲರಿಗೆ ಕೊಂಡರು. ಇಷ್ಟು ದೊಡ್ಡ ಕಟ್ಟಡದಲ್ಲಿ ಇವರೇನು ಮಾಡ್ತಾರೆ ಅಂತ ಆಫೀಸಿನಲ್ಲಿ ನಗುತ್ತಿದ್ದೆವು. ಯಾಕೆಂದರೆ ಅಲ್ಲಿವರೆಗೆ ಅವರು ಮಾರಿದ್ದು ಒಂದೇ ಒಂದು ಬಗೆಯ ಕಾರು, ಎರಡು ಸೀಟಿನ ರೋಡ್‌ಸ್ಟರ್. ಅದರ ಮೈಕಟ್ಟಿನ ಮೂಲ ಲೋಟಸ್‌ನವರದು. ಇಲ್ಲೀವರೆಗೆ ಮಾರಿರೋದು ಎರಡು ಸಾವಿರ ಚಿಲ್ಲರೆ. ಈಗ ಮಾಡೆಲ್ ಎಸ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಮುಂಗಡ ಕಟ್ಟಿ ಕಾದಿದ್ದಾರೆ. ಮಾಡಿ ಮುಗಿಸ್ತಾರಾ, ಮಧ್ಯದಲ್ಲಿ ಮುಳುಗ್ತಾರಾ, ಯಾರೂ ಆಣೆ ಮಾಡಿ ಹೇಳೋ ಸ್ಥಿತಿಯಲ್ಲಿಲ್ಲ.

ನನ್ನನ್ನು ಕೆಡಿಸಿದ್ದು ಹೋದ ಅಕ್ಟೋಬರ್ 1ನೇ ತಾರೀಖು. ಮುಂಗಡ ಕಟ್ಟಿದವರನ್ನೆಲ್ಲ ಫ್ಯಾಕ್ಟರಿಗೆ ಕರೆದು, ಪರೀಕ್ಷೆಗೆ ಮಾಡಿದ ಕಾರುಗಳಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಿದರು. ನನ್ನ ಸಹೋದ್ಯೋಗಿಯೊಬ್ಬ ಜೊತೆಗೆ ಕರಕೊಂಡು ಹೋದ. ನಾನು ಹೋಗಿದ್ದು ಊಟ ಚೆನ್ನಾಗಿರುತ್ತೆ ಅಂತ. ಹಿಂದಿನ ಸೀಟಿನಲ್ಲಿ ಕೂತೆ. ಡ್ರೈವರು ಒತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು. ಮುಂದೆ ಕೂತಿದ್ದ ಗೆಳೆಯ ಕಿರುಚುತ್ತಿದ್ದ. ನಾನು ಮಾತ್ರ ಕಿವಿ ನಿಮಿರಿಸಿ ಕೂತಿದ್ದೆ. ಎಂಜಿನ್ ಸದ್ದಿಲ್ಲ, ಗೇರ್ ಬದಲಾಯಿಸೋ ತೊನೆತ ಇಲ್ಲ, ಹಿಂದಿನಿಂದ ಸಣ್ಣಗೆ ಜುಂಯ್ ಅನ್ನೋ ಒಂದು ದನಿ. ಆ ದನಿ ನನಗೆ ಗೊತ್ತಿತ್ತು.

ನಾನು ಬಿ.ಇ. ಮಾಡಿದ್ದು ಎಲೆಕ್ಟ್ರಿಕಲ್‌ನಲ್ಲಿ. ಹೊಟ್ಟೆಗೆ ಹಾಕಿದ್ದು ಸಾಫ್ಟ್‌ವೇರ್. ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಜನರ ಕತೆ ಇದೇ ಬಿಡಿ. ಮೂರನೇ ವರ್ಷದಲ್ಲಿ ಮೆಷಿನ್ಸ್ ಲ್ಯಾಬು ಅಂತ ಇತ್ತು. ಇಂಡಕ್ಷನ್ ಮೋಟಾರಿಗೆ ನೋ ಲೋಡ್ ಟೆಸ್ಟು, ಬ್ಲಾಕ್ಡ್ ರೋಟರ್ ಟೆಸ್ಟು ಮಾಡಿ, ಬಂದ ಅಂಕಿಗಳನ್ನು ಗ್ರಾಫ್ ಹಾಳೆ ಮೇಲೆ ಸರ್ಕಲ್ ಡಯಾಗ್ರಮ್ ಆಗಿ ಬಿಡಿಸಬೇಕಿತ್ತು. ತೇರಾಜ ಬರೆದ ದಪ್ಪ ಪುಸ್ತಕವನ್ನು ದಿಂಬು ಮಾಡಿಕೊಂಡು ಮಲಗಿದ್ದೂ ಉಂಟು. ಆದರೆ ಆ ಮೋಟಾರು ನನಗೆ ಲ್ಯಾಬಿನಲ್ಲಿ ಹೊಸದಾಗಿ ಸಿಕ್ಕಿದ್ದಲ್ಲ. ತಿಪಟೂರಿನ ಕಡೆ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಇಂಡಕ್ಷನ್ ಮೋಟಾರು ಅಂದರೆ ಮನೆಯ ಇನ್ನೊಬ್ಬ ಅಣ್ಣ ಇದ್ದ ಹಾಗೆ. ಅದು ಕೆಟ್ಟರೆ ಮನೆಯಲ್ಲಿ ಯಾರಿಗೂ ಊಟ ಸೇರಲ್ಲ.

ಅದರ ಒಳಗುಟ್ಟು ಬಹಳ ಸರಳ. ಹೊರಗಿನ ಸುರುಳಿಗಳಿಗೆ ಮೂರು ಫೇಸಿನ ಕರೆಂಟು ಒಂದರ ಹಿಂದೆ ಒಂದು ಬಂದಾಗ ಒಳಗೆ ಅಯಸ್ಕಾಂತದ ಬಲ ಗರಗರ ತಿರುಗುತ್ತೆ. ಮಧ್ಯದ ರೋಟರು ಅದನ್ನು ಅಟ್ಟಿಸಿಕೊಂಡು ಓಡುತ್ತೆ. ತಮಾಷೆ ಏನಂದರೆ, ಎಂದಿಗೂ ಅದನ್ನು ಹಿಡಿಯಲ್ಲ. ಹಿಡಿದುಬಿಟ್ಟರೆ ರೋಟರಿಗೆ ಕರೆಂಟೂ ಇಲ್ಲ, ಎಳೆಯೋ ಶಕ್ತಿಯೂ ಇಲ್ಲ. ಸ್ವಲ್ಪ ಹಿಂದೆ ಉಳಿದಿರೋದರಿಂದಲೇ ಅದು ಕೆಲಸ ಮಾಡೋದು. ನಿಕೊಲಾ ಟೆಸ್ಲಾ ಇದಕ್ಕೆ ಪೇಟೆಂಟು ಪಡೆದಿದ್ದು 1888ರಲ್ಲಿ. ಕಾರಿನ ಕಂಪನಿಗೆ ಅವನ ಹೆಸರಿಟ್ಟಿರೋದು ಸುಮ್ಮನೆ ಅಲ್ಲ, ಕಾರಿನೊಳಗೆ ಇರೋದು ಅವನದೇ ಬಗೆಯ ಮೋಟಾರು. ಬ್ಯಾಟರಿಯ ಡಿಸಿ ಕರೆಂಟನ್ನು ಇನ್ವರ್ಟರು ತ್ರೀ ಫೇಸ್ ಮಾಡಿ ಕೊಡುತ್ತೆ. ಕಾಲಲ್ಲಿ ಎಷ್ಟು ಒತ್ತಿದರೆ ಅದಕ್ಕೆ ತಕ್ಕ ಫ್ರೀಕ್ವೆನ್ಸಿ. ಕಾಲು ತೆಗೆದರೆ ಅದೇ ಮೋಟಾರು ಜನರೇಟರಾಗಿ ಬ್ಯಾಟರಿಗೆ ಕರೆಂಟು ವಾಪಸ್ ತುಂಬುತ್ತೆ. ನಮ್ಮೂರಲ್ಲಿ ಯಾವತ್ತೂ ಸರಿಯಾಗಿ ಬರದ ತ್ರೀ ಫೇಸನ್ನು ಇವರು ಕಾರಿನೊಳಗೇ ತಯಾರು ಮಾಡಿಕೊಂಡಿದ್ದಾರೆ. ಕಾರಿನಿಂದ ಇಳಿದವನು ಅದೇ ರಾತ್ರಿ ಮುಂಗಡ ಕಟ್ಟಿದೆ.

ಆಮೇಲೆ ಸ್ಯಾನ್ ಹೋಸೆಯ ಸಂತಾನಾ ರೋನಲ್ಲಿರುವ ಅವರ ಅಂಗಡಿಗೆ ನಾಲ್ಕು ಸಲ ಹೋಗಿದ್ದೀನಿ. ಅಲ್ಲಿ ಮೈ ಹೊದಿಸದ ಬರೀ ಚಾಸಿ ಇಟ್ಟಿದ್ದಾರೆ. ಹಾಸುಗಲ್ಲಿನ ಹಾಗೆ ಚಪ್ಪಟೆ ಬ್ಯಾಟರಿ, ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಮೋಟಾರು. ಎಂಜಿನ್ ಇರಬೇಕಾದ ಕಡೆ ಖಾಲಿ, ಸಾಮಾನು ಇಡೋದಕ್ಕಂತೆ. ಜನ ಟಚ್ ಸ್ಕ್ರೀನಿನ ಸುತ್ತ ಮುತ್ತಿಕೊಂಡಿರ್ತಾರೆ. ನಾನು ಬಗ್ಗಿ ಹಿಂದುಗಡೆ ನೋಡ್ತಾ ಇರ್ತೀನಿ.

ಇಲ್ಲೊಂದು ನಾಚಿಕೆಯ ವಿಷಯ ಹೇಳಬೇಕು. ಬೆಂಗಳೂರಿನಲ್ಲಿ ರೇವಾ ಅನ್ನೋ ಎಲೆಕ್ಟ್ರಿಕ್ ಕಾರು 2001ರಲ್ಲೇ ಬಂದಿತ್ತು. ಬೊಮ್ಮಸಂದ್ರದಲ್ಲಿ ತಯಾರಾಗಿ ಲಂಡನ್ನಿನ ರಸ್ತೆಗಳ ಮೇಲೂ ಓಡಿತು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಂದು ಸಲ ಚಾರ್ಜ್ ಮಾಡಿದರೆ 80 ಕಿಲೋಮೀಟರ್. ಎಲೆಕ್ಟ್ರಿಕಲ್ ಓದುತ್ತಿದ್ದ ನಾವು ಅದನ್ನು ನೋಡಿ ಏನು ಮಾಡಿದೆವು? ಆಟದ ಕಾರು ಅಂತ ನಕ್ಕೆವು. ಒಬ್ಬನೂ ಬೊಮ್ಮಸಂದ್ರಕ್ಕೆ ಹೋಗಿ ಕೆಲಸ ಕೇಳಲಿಲ್ಲ. ಜಾವಾ ಕೋರ್ಸಿಗೆ ಸೇರಿಕೊಂಡೆವು.

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಆ ಚಾಸಿಯ ಫೋಟೋ ಅಪ್ಪನಿಗೆ ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿತು. "ಇದ್ಯಾವ್ದು, ಸಬ್‌ಮರ್ಸಿಬಲ್ಲೋ ಓಪನ್‌ವೆಲ್ಲೋ?"

"ಕಾರಿಂದು ಅಪ್ಪಾ."

"ಎಷ್ಟು ಎಚ್‌ಪಿ?"

"ಮುನ್ನೂರಕ್ಕಿಂತ ಮೇಲೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿತ್ತು. ನಮ್ಮ ಬೋರಿನ ಮೋಟಾರು ಏಳೂವರೆ ಎಚ್‌ಪಿ. ಅಂದರೆ ನಮ್ಮೂರಿನ ನಲವತ್ತು ಪಂಪ್‌ಸೆಟ್ಟು ಆ ಕುಂಬಳಕಾಯಿಯೊಳಗೆ. "ಅಷ್ಟು ಎಚ್‌ಪಿ ಇಟ್ಕಂಡು ನಾಕು ಜನಾನ ಎಳೀತದಾ?" ಅಂತು. ಆಮೇಲೆ, ಕಾರಿನ ಪತ್ರಿಕೆಗಳಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿತು. "ವೈಂಡಿಂಗ್ ಸುಟ್ರೆ ಅಲ್ಲಿ ಕಟ್ಟೋರು ಅವರೇನಪ್ಪಾ?"

ಮಾರನೇ ದಿನ ತೋಟದ ಪಂಪ್ ಮನೆಗೆ ಹೋದಾಗ ನೋಡಿದೆ. ಸ್ಟಾರ್ಟರಿನ ಪಕ್ಕದ ಪ್ರಿವೆಂಟರಿನ ವಯರುಗಳನ್ನು ಅಪ್ಪ ಕಿತ್ತು ನೇರ ಸೇರಿಸಿತ್ತು. ಮೂರರಲ್ಲಿ ಒಂದು ಫೇಸು ಹೋದರೆ ಮೋಟಾರನ್ನು ನಿಲ್ಲಿಸಬೇಕಾದ ಪೆಟ್ಟಿಗೆ ಅದು. "ಸುಮ್ ಸುಮ್ನೆ ಟ್ರಿಪ್ಪಾಯ್ತದೆ, ರಾತ್ರಿಯೆಲ್ಲಾ ಎದ್ದು ಎದ್ದು ಬರೋಕಾಗಲ್ಲ" ಅಂತು. ಎರಡೇ ಫೇಸ್ ಬಂದಾಗ ಮೋಟಾರು ತಿರುಗೋಕೆ ಒದ್ದಾಡಿ, ಸಿಕ್ಕಾಪಟ್ಟೆ ಕರೆಂಟು ಎಳೆದು, ಕಾದು ಸುಟ್ಟುಹೋಗುತ್ತೆ ಅಂತ ನನಗೆ ಗೊತ್ತು. ಅದಕ್ಕೆ ಲೆಕ್ಕ ಬರೆದು ಪಾಸಾದವನು ನಾನು. "ನಾಳೆ ನಾನೇ ಸರಿಮಾಡ್ತೀನಿ, ತಿಪಟೂರಿಂದ ಹೊಸದು ತರ್ತೀನಿ" ಅಂದೆ. ನಾಳೆ ಅತ್ತೆ ಮನೆ, ನಾಳಿದ್ದು ಯಾರದೋ ಗೃಹಪ್ರವೇಶ, ಆಚೆ ನಾಳಿದ್ದು ವಿಮಾನ.

ಏಪ್ರಿಲ್‌ನಲ್ಲಿ ಮೋಟಾರು ಸುಟ್ಟಿತು. ನನಗೆ ಹೇಳಿದ್ದು ಅಪ್ಪ ಅಲ್ಲ, ಅಕ್ಕ. ಅದೂ ಹದಿನೈದು ದಿನ ಬಿಟ್ಟು. ರಾತ್ರಿ ಎರಡು ಫೇಸ್ ಮಾತ್ರ ಬಂದಿದೆ, ಆಟೋ ಸ್ಟಾರ್ಟರು ತನ್ನ ಪಾಡಿಗೆ ಮೋಟಾರನ್ನು ಹಾಕಿದೆ, ಬೆಳಗ್ಗೆ ಹೋಗಿ ನೋಡಿದರೆ ತೊಟ್ಟಿ ಒಣಗಿದೆ. ಆರುನೂರು ಅಡಿ ಪೈಪು ಎತ್ತಿಸಿ, ವೈಂಡಿಂಗ್ ಕಟ್ಟಿಸಿ, ಮತ್ತೆ ಇಳಿಸಬೇಕು. ಎತ್ತೋರು ಸಿಗೋಕೆ ಒಂದು ವಾರ, ಅಂಗಡಿಯಲ್ಲಿ ಸರದಿ ಬರೋಕೆ ಇನ್ನೊಂದು ವಾರ. ಆ ಬಿಸಿಲಿನಲ್ಲಿ ಹೊಸದಾಗಿ ಇಟ್ಟ ಅರವತ್ತು ಅಡಿಕೆ ಸಸಿ ಹೋದವು. ಅಪ್ಪನಿಗೆ ಫೋನ್ ಮಾಡಿ ದುಡ್ಡು ಕಳಿಸ್ತೀನಿ, ಇನ್ನೊಂದು ಬೋರು ಹಾಕಿಸು ಅಂದೆ. "ಬೋರಿಗೆ ಹಾಕಿದ್ದು ದುಡ್ಡು ನೀರಿಗೆ ಹಾಕಿದಂಗೂ ಅಲ್ಲ ಕಣಪ್ಪ. ನೀರಾದ್ರೂ ಬಂದಿದ್ರೆ ಹಂಗನ್ನಬೋದಿತ್ತು" ಅಂತು. ಪ್ರಿವೆಂಟರಿನ ಸುದ್ದಿ ಅದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂದಿನಿಂದ ಆ ಕಾರಿನ ಬಗ್ಗೆ ಓದಿದ್ದೆಲ್ಲ ನನ್ನ ತಲೆಯಲ್ಲಿ ಪಂಪ್‌ಸೆಟ್ಟಿನ ಲೆಕ್ಕವಾಗಿಯೇ ಇಳಿಯುತ್ತೆ. ಮೂರು ಅಳತೆಯ ಬ್ಯಾಟರಿ, 40, 60, 85 ಕಿಲೋವ್ಯಾಟ್ ಅವರ್. ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಅಷ್ಟು ಯೂನಿಟ್ಟು. 85 ಯೂನಿಟ್ಟಿನದು ಹದವಾದ ವೇಗದಲ್ಲಿ 300 ಮೈಲಿ ಓಡುತ್ತೆ ಅಂತ ಕಂಪನಿಯ ಮಾತು. ಅದೇ ಬ್ಯಾಟರಿಯನ್ನು ನಮ್ಮ ಪಂಪ್ ಮನೆ ಪಕ್ಕ ಇಟ್ಟರೆ ಏಳೂವರೆ ಎಚ್‌ಪಿ ಮೋಟಾರನ್ನು ಹೆಚ್ಚುಕಮ್ಮಿ ಹನ್ನೊಂದು ಗಂಟೆ ಓಡಿಸುತ್ತೆ. ಅಪ್ಪ ರಾತ್ರಿಯೆಲ್ಲ ಮಲಗಬಹುದು. ಬೆಳಗ್ಗೆ ಎದ್ದು ಕಾಫಿ ಕುಡಿದು, ಹೋಗಿ ಸ್ವಿಚ್ ಹಾಕಬಹುದು. ಇದನ್ನು ಹೆಂಡತಿಗೆ ಹೇಳಿದರೆ, "ಎಂಬತ್ತು ಸಾವಿರ ಡಾಲರಿನ ಯುಪಿಎಸ್ಸಾ?" ಅಂತ ಕೇಳಿದಳು. ಲೆಕ್ಕ ತಪ್ಪು ಅಂತ ನನಗೂ ಗೊತ್ತು. ಮುಂಗಡದ 5,000 ಡಾಲರು ಇವತ್ತಿನ ರೇಟಿನಲ್ಲಿ ಎರಡೂ ಮುಕ್ಕಾಲು ಲಕ್ಷ, ಒಂದು ಬೋರಿನ ಖರ್ಚು. ವಾಪಸ್ ಕೇಳಿ ಈಮೇಲ್ ಬರೆದಿಟ್ಟಿದ್ದೀನಿ. ಮೂರು ವಾರದಿಂದ ಡ್ರಾಫ್ಟ್‌ನಲ್ಲೇ ಇದೆ. ಅಪ್ಪನಿಗೆ ಹೇಳಿದ್ದಕ್ಕೆ, "ಕಟ್ಟಿದ ಮುಂಗಡ ಯಾಕ್ ಬಿಡಿಸ್ಕಂತೀಯಾ, ಕಾರು ಬರ್ಲಿ, ನಾನೂ ಒಂದ್ಸಲ ಕೂರ್ತೀನಿ" ಅಂತು. ಪಾಸ್‌ಪೋರ್ಟ್ ಮಾಡಿಸು ಅಂತ ಆರು ವರ್ಷದಿಂದ ಹೇಳ್ತಿದ್ದೀನಿ, ತೋಟ ಯಾರು ನೋಡ್ಕೊಳ್ಳೋರು ಅನ್ನುತ್ತಿದ್ದ ಮನುಷ್ಯ.

ಈಗ ನಮ್ಮೂರಿಗೆ ತ್ರೀ ಫೇಸ್ ಕೊಡೋದು ರಾತ್ರಿ ಪಾಳಿಯಲ್ಲಿ. ಇಲ್ಲಿ ಮಧ್ಯಾಹ್ನ ಒಂದೂವರೆ ಆದಾಗ ಅಲ್ಲಿ ರಾತ್ರಿ ಎರಡು. ಹಾಗಾಗಿ ಊಟದ ಹೊತ್ತಿಗೆ ಡಬ್ಬಿ ಹಿಡಕೊಂಡು ಆಫೀಸಿನ ಪಾರ್ಕಿಂಗ್ ಲಾಟಿಗೆ ಹೋಗಿ ಫೋನ್ ಮಾಡ್ತೀನಿ. ಅಪ್ಪ ಪಂಪ್ ಮನೆ ಮುಂದೆ ಕರೆಂಟು ಕಾಯ್ತಾ ಕೂತಿರುತ್ತೆ. ನಾವಿಬ್ಬರೂ ಇಷ್ಟು ಮಾತಾಡಿದ್ದು ಹಿಂದೆಂದೂ ಇಲ್ಲ. ಹೊಸ ಪ್ರಿವೆಂಟರು ಹಾಕಿಸಿದ್ದು ಅಕ್ಕನ ಗಂಡ. ಆಟೋ ಸ್ಟಾರ್ಟರನ್ನು ಅಪ್ಪ ತೆಗೆಸಿಬಿಟ್ಟಿದೆ, ಈಗ ಕೈಯಲ್ಲೇ ಹಾಕೋದು.

ನಿನ್ನೆ ಫೋನ್ ಮಾಡಿದಾಗ ಮಳೆ ಮಾತು, ತೆಂಗಿಗೆ ನುಸಿ ಬಿದ್ದ ಮಾತು ಆಯ್ತು. "ನಿನ್ ಕಾರು ಯಾವತ್ತಿಗೆ?" ಅಂತ ಕೇಳಿತು.

"ನಂದಲ್ಲ ಅಪ್ಪಾ, ಮೊದಲನೇ ಕಾರು. ಇನ್ನು ಹದಿನೆಂಟು ದಿನ."

"ಇರು ಇರು, ಕರೆಂಟು ಬಂತು."

ಫೋನನ್ನು ಕಟ್ ಮಾಡದೆ ಕಲ್ಲಿನ ಮೇಲಿಟ್ಟ ಸದ್ದು. ಚಪ್ಪಲಿ ಸದ್ದು, ಬಾಗಿಲಿನ ಕಿರುಗುಟ್ಟು.

"ಅಪ್ಪಾ, ಮೂರೂ ಲೈಟು ಹತ್ತಿದೆಯಾ ನೋಡು" ಅಂತ ಪಾರ್ಕಿಂಗ್ ಲಾಟಿನಲ್ಲಿ ನಿಂತು ಕೂಗಿದೆ. ಪಕ್ಕದ ಕಾರಿನವನು ತಿರುಗಿ ನೋಡಿದ.

"ಹತ್ತವೆ ಕಣೋ, ಮೂರೂ ಹತ್ತವೆ" ಅಂತು ದೂರದಿಂದ. ಸ್ಟಾರ್ಟರ್ ಠಕ್ ಅಂತು. ಆರುನೂರು ಅಡಿಯಿಂದ ಮೇಲೆ ಬರೋಕೆ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಡಬ್ಬಿ ಮುಚ್ಚಳ ಹಾಕಿ ಕಾದೆ. ಮೊದಲು ಪೈಪಿನೊಳಗಿಂದ ಗಾಳಿ ಬುಸ್ ಅಂತು, ಆಮೇಲೆ ತೊಟ್ಟಿಗೆ ನೀರು ಬೀಳೋ ಸದ್ದು ಕೇಳಿಸಿತು.